ಜಂತಿಯ ತೂತಿಗೆ ಅಗಸೆ ಎಣ್ಣೆ

ಬೆಳಿಗ್ಗೆ ಗುಡಿಸಿದ ಪಡಸಾಲೆಯ ಫರಸಿಯ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಒಂದು ಚಿಟಿಕೆ ಕಟ್ಟಿಗೆ ಹುಡಿ ಬಿದ್ದಿದ್ದರೆ ತಲೆ ಎತ್ತಿ ಜಂತಿ ನೋಡಿ. ಬೈರಿಗೆಯಿಂದ ಕೊರೆದಂಥ ದುಂಡನೆಯ ತೂತು, ಕಿರುಬೆರಳು ಹಿಡಿಸುವಷ್ಟು ಅಗಲ. ಕಿವಿಗೊಟ್ಟರೆ ಒಳಗೆ ಕರಕರ ಸದ್ದು. ಅದು ಬಡಗಿ ದುಂಬಿ.

ಕಲಬುರಗಿಯ ಹಳೇ ವಾಡೆಯವರೂ ಕಮಲಾಪುರದ ಮಾಳಿಗೆ ಮನೆಯವರೂ ನನ್ನನ್ನು ಕೇಳುವುದು ಒಂದೇ: ‘ಈ ಹುಳಕ್ಕ ಏನ್ ಹೊಡೀಬೇಕ್ರೀ?’ ಏನೂ ಹೊಡೆಯಬೇಡಿ.

ಗೆದ್ದಲಿನಂತೆ ಇದು ಕಟ್ಟಿಗೆ ತಿನ್ನುವುದಿಲ್ಲ. ಹೆಣ್ಣು ದುಂಬಿ ಗೂಡಿಗಾಗಿ ಕೊರೆಯುತ್ತದೆ. ಸ್ವಲ್ಪ ಒಳಹೋಗಿ, ಎಳೆಯ ಗುಂಟ ತಿರುಗಿ, ಪರಾಗ–ಮಕರಂದದ ಒಂದೊಂದು ಉಂಡೆ ಕಟ್ಟಿ, ಅದರ ಮೇಲೆ ಒಂದೊಂದು ಮೊಟ್ಟೆ ಇಟ್ಟು, ಅಗಿದ ಹುಡಿಯಿಂದಲೇ ನಡುವೆ ಗೋಡೆ ಹಾಕುತ್ತದೆ. ಮುಖದೆದುರು ಗುಂಯ್‌ಗುಡುತ್ತ ಹೆದರಿಸುವುದು ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಆದರೆ ಕೈಯಲ್ಲಿ ಹಿಡಿದು ಕಾಡಿದರಷ್ಟೇ ಕುಟುಕೀತು. ನಿಜವಾದ ನಷ್ಟ ನಿಧಾನದ್ದು: ಮರಿಗಳು ಅದೇ ಸುರಂಗಕ್ಕೆ ಮರಳಿ, ವರ್ಷವರ್ಷ ಉದ್ದ ಮಾಡುತ್ತವೆ.

ಇನ್ನು ಹೊಲದ ಕಡೆ ನೋಡಿ. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ನಮ್ಮ ತೊಗರಿಯ ಹೂವಿನಿಂದ ಹೂವಿಗೆ ಪರಾಗ ಒಯ್ಯುವವರಲ್ಲಿ ಈ ದುಂಬಿಯೂ ಒಂದು. ಕಮಲಾಪುರದ ಕೆಂಪು ಬಾಳೆಗೆ ಅದರ ಹಂಗಿಲ್ಲ, ಬಾಳೆ ಪರಾಗವಿಲ್ಲದೆಯೇ ಕಾಯಿ ಕಟ್ಟುತ್ತದೆ. ಬದನೆ, ಟೊಮೆಟೊ ಹೂಗಳನ್ನಾದರೋ ಅದು ಅಪ್ಪಿ ಹಿಡಿದು ನಡುಗಿಸಿ ಪರಾಗ ಉದುರಿಸುತ್ತದೆ. ವಿಷ ಸಿಂಪಡಿಸಿ ಇಂಥದನ್ನು ಕೊಲ್ಲುವುದನ್ನು ನಾನು ಒಪ್ಪಲಾರೆ.

ದುಂಬಿ ಹುಡುಕುವುದು ಬಣ್ಣ ಕಾಣದ, ಬಿಸಿಲಿಗೆ ಒಣಗಿ ಸಡಿಲಾದ ಕಟ್ಟಿಗೆಯನ್ನು. ಹಾಗಾಗಿ ಮದ್ದು ನಮ್ಮ ಸೀಮೆಯಲ್ಲೇ ಇದೆ: ಅಗಸೆ ಎಣ್ಣೆ. ಜಂತಿ, ತೊಲೆ, ಕಂಬ ಒರೆಸಿ, ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಮಳೆ ಹೊಡೆಯುವ ಸೂರಿನ ಅಂಚಿಗೆ ಆಯಿಲ್ ಪೇಂಟೇ ಗಟ್ಟಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಕಾವೇರಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ.

ಇರುವ ತೂತನ್ನು ಅವಸರದಲ್ಲಿ ಮುಚ್ಚಬೇಡಿ. ನಾನು ಒಮ್ಮೆ ಸಿಮೆಂಟ್ ಮೆತ್ತಿ ಬಂದೆ. ವಾರದೊಳಗೆ ಪಕ್ಕದಲ್ಲೇ ಹೊಸ ತೂತು ಬಿತ್ತು, ಒಳಗಿದ್ದುದು ಕೊರೆದುಕೊಂಡು ಹೊರಬಂದಿತ್ತು. ಈಗ ಬಾಯಿಗೆ ಸಡಿಲವಾಗಿ ಕಾಗದದ ಉಂಡೆ ಇಡುತ್ತೇನೆ. ಹೊರಗೆ ತಳ್ಳಿದ್ದರೆ ಒಳಗೆ ಸಂಸಾರವಿದೆ ಎಂದು ಎರಡು ತಿಂಗಳು ಬಿಟ್ಟು ಮತ್ತೆ ನೋಡುತ್ತೇನೆ. ಖಾಲಿಯಾದ ಮೇಲೆ ಕಟ್ಟಿಗೆಯ ಗೂಟ ಬಡಿದು, ಮಟ್ಟ ಮಾಡಿ, ಎಣ್ಣೆ ಹಚ್ಚುತ್ತೇನೆ.

ಹಿತ್ತಲ ಬೇಲಿಗೆ ನಾಲ್ಕು ಒಣ ಬಿದಿರಿನ ತುಂಡು ಅಡ್ಡಲಾಗಿ ಕಟ್ಟಿಬಿಡಿ. ಒಂದು ಕಡೆ ಗಣ್ಣು ಇರಲಿ, ಇನ್ನೊಂದು ಬಾಯಿ ತೆರೆದಿರಲಿ. ಆ ತುಂಡುಗಳಿಗೆ ಮಾತ್ರ ಎಣ್ಣೆ ಹಚ್ಚಬೇಡಿ.