ಗಾಳಿಯ ಜೀರ್ಣೋದ್ಧಾರ

ಎಲಿಜಬೆತ್ ಕೋಲ್ಬರ್ಟ್ ಅಮೆರಿಕದ 'ನ್ಯೂಯಾರ್ಕರ್' ಪತ್ರಿಕೆಯ ಬರಹಗಾರ್ತಿ. ಜೀವಜಾತಿಗಳ ಅಳಿವನ್ನು ಕುರಿತ ಅವರ ಹಿಂದಿನ ಪುಸ್ತಕಕ್ಕೆ 2015ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತ್ತು. 2021ರಲ್ಲಿ ಪ್ರಕಟವಾದ 'ಅಂಡರ್ ಎ ವೈಟ್ ಸ್ಕೈ' (ಬಿಳಿಯ ಆಕಾಶದ ಕೆಳಗೆ) ಎಂಬ ಕೃತಿಯನ್ನು ಅಂಗಡಿಯವರು ವಿಜ್ಞಾನದ ಬೀರುವಿನಲ್ಲಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ವಿಡಂಬನೆಯ ಕೃತಿ; ಸಾಹಿತ್ಯದ ಪುಟದಲ್ಲಿ ಅದರ ವಿಚಾರ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಮನುಷ್ಯನು ಒಂದು ತೊಂದರೆಯನ್ನು ಕಳೆಯಹೋಗಿ ಇನ್ನೊಂದನ್ನು ಕಟ್ಟಿಕೊಳ್ಳುತ್ತಾನೆ, ಅದನ್ನು ಬಿಡಿಸಿಕೊಳ್ಳಲು ಮತ್ತೊಂದು ಉಪಾಯ ಹೂಡುತ್ತಾನೆ: ಇಷ್ಟೇ ಕಥೆ. ಆದರೆ ಹೇಳುವ ರೀತಿ ಬಲು ಸೊಗಸು.

ಷಿಕಾಗೋ ನಗರದ ಕೊಳಚೆ ಅದರದೇ ಕುಡಿಯುವ ನೀರಿನ ಸರೋವರಕ್ಕೆ ಸೇರುತ್ತಿತ್ತು. ಅದಕ್ಕಾಗಿ ಕಾಲುವೆ ತೋಡಿ, 1900ರಲ್ಲಿ ನದಿಯನ್ನೇ ಹಿಂದುಮುಂದಾಗಿ ಹರಿಸಿದರು. ಇತ್ತ ರಾಸಾಯನಿಕ ವಿಷಗಳ ಬದಲು ಜೀವಿಗಳಿಂದಲೇ ಕಳೆ ತೆಗೆಸಬಹುದೆಂಬ ಸದುದ್ದೇಶದಿಂದ 1963ರಲ್ಲಿ ಏಷ್ಯದ ಗೆಂಡೆಮೀನನ್ನು ಅಮೆರಿಕಕ್ಕೆ ತಂದರು. ಮೀನು ನದಿಗಳನ್ನೆಲ್ಲ ಆಕ್ರಮಿಸಿತು. ತೋಡಿದ ಕಾಲುವೆ ಅದಕ್ಕೆ ರಾಜಬೀದಿಯಾಗುವ ಭಯ ಹುಟ್ಟಿತು. ಈಗ ಆ ಕಾಲುವೆಯ ನೀರಿಗೆ ವಿದ್ಯುತ್ತು ಹರಿಸಿ ಮೀನನ್ನು ತಡೆಯುತ್ತಿದ್ದಾರೆ. ಇದನ್ನು ಹೇಳುವಾಗ ಶ್ರೀಮತಿ ಕೋಲ್ಬರ್ಟ್ ನಗುವುದಿಲ್ಲ, ನಮ್ಮನ್ನು ನಗಿಸುತ್ತಾರೆ. ಮುಂದಿನ ಅಧ್ಯಾಯಗಳಲ್ಲಿ ನೆವಾಡಾದ ಮರುಭೂಮಿಯ ಒಂದು ಹೊಂಡದ ಪುಟ್ಟ ಮೀನು, ಆಸ್ಟ್ರೇಲಿಯದ ಕಪ್ಪೆ, ಹವಳದ ದಿಬ್ಬ, ಎಲ್ಲವೂ ಇದೇ ತಾಳಕ್ಕೆ ಕುಣಿಯುತ್ತವೆ. ಎರಡು ಮೂರು ಅಧ್ಯಾಯಗಳಾದ ಮೇಲೆ ತಾಳ ಮೊದಲೇ ಗೊತ್ತಾಗಿಬಿಡುತ್ತದೆಂದು ಹೇಳದೆ ವಿಧಿಯಿಲ್ಲ.

ಮೂರನೆಯ ಭಾಗ ಗಾಳಿಯದು. ಇಂಗಾಲದ ಡೈಆಕ್ಸೈಡ್, ನಮ್ಮ ಹಳೆಯ ಪಠ್ಯಪುಸ್ತಕಗಳ ಇಂಗಾಲಾಮ್ಲ, ಕೈಗಾರಿಕೆಯ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇತ್ತು. ಈಗ 420ನ್ನು ದಾಟಿದೆ. ಹೆಚ್ಚಾದುದನ್ನು ಹಿಂದಕ್ಕೆ ತೆಗೆಯಲು ಸಾಧ್ಯವೆ? ಐಸ್‌ಲೆಂಡಿನ ಹೆಲ್ಲಿಶೆಯ್ಡಿಯಲ್ಲಿ, ಭೂಮಿಯ ಕಾವಿನಿಂದ ವಿದ್ಯುತ್ತು ತೆಗೆಯುವ ಸ್ಥಾವರದ ಬಳಿ, ಕ್ಲೈಮ್‌ವರ್ಕ್ಸ್ ಎಂಬ ಕಂಪೆನಿ ಯಂತ್ರಗಳಿಂದ ಗಾಳಿಯನ್ನು ಸೋಸಿ ಈ ಅನಿಲವನ್ನು ಹಿಡಿಯುತ್ತದೆ. ಹಿಡಿದುದನ್ನು ನೀರಿನಲ್ಲಿ ಕರಗಿಸಿ ಕಪ್ಪುಕಲ್ಲಿನ ಆಳಕ್ಕೆ ಇಳಿಸುತ್ತಾರೆ. ಅದು ಕಲ್ಲಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ತಾನೂ ಕಲ್ಲಾಗುತ್ತದೆ. ಅಲ್ಲಿಯ ಪ್ರಯೋಗವೊಂದರಲ್ಲಿ ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ಲೇಖಕಿಯೂ ಟನ್ನಿಗೆ ಸಾವಿರ ಡಾಲರಿನ ದರದಲ್ಲಿ ಚಂದಾದಾರರಾಗಿ 1,200 ಪೌಂಡು ಅನಿಲವನ್ನು ತಮ್ಮ ಹೆಸರಿನಲ್ಲಿ ಹೂಳಿಸಿದರು. ಐಸ್‌ಲೆಂಡಿಗೆ ವಿಮಾನದಲ್ಲಿ ಹೋಗುವ ಖರ್ಚಿಗೇ ಆ ಪುಣ್ಯ ಮುಗಿದುಹೋಯಿತಂತೆ. ಹಿಂತಿರುಗಿದ ಪ್ರಯಾಣ ಗಾಳಿಯ ಲೆಕ್ಕದಲ್ಲೇ ಉಳಿಯಿತು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯಗಳಿಲ್ಲ.

ಅದೇ ಅಧ್ಯಾಯದಲ್ಲಿ ಕ್ಲಾಸ್ ಲ್ಯಾಕ್ನರ್ ಎಂಬ ಭೌತವಿಜ್ಞಾನಿ ಬರುತ್ತಾರೆ. ಅವರ ವಾದ ಸರಳ. ಈ ಅನಿಲವನ್ನು ಪಾಪವೆಂದೆಣಿಸಬೇಡಿ, ಕೊಳಚೆಯೆಂದೆಣಿಸಿ. ಶೌಚಕ್ಕೆ ಕಡಮೆ ಹೋದವನಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಹಾಗೆಂದು ಬೀದಿಯಲ್ಲಿ ಚೆಲ್ಲಲೂ ಬಿಡುವುದಿಲ್ಲ. ಲೇಖಕಿ ಇದನ್ನು ಚೆನ್ನಾಗಿ ಹೇಳಿ ಮುಂದೆ ಸಾಗಿಬಿಡುತ್ತಾರೆ.

ನಮ್ಮ ತಕರಾರು ಇಲ್ಲಿಯೇ. ಪುಸ್ತಕ ಮೊದಲಾದುದೇ ಕೊಳಚೆಯಿಂದ. ಷಿಕಾಗೋ ತನ್ನ ಕೊಳಚೆಯನ್ನು ಶುದ್ಧಮಾಡಲಿಲ್ಲ, ಕೆಳಗಿನ ಊರುಗಳ ಕಡೆಗೆ ತಿರುಗಿಸಿತು. ಐಸ್‌ಲೆಂಡಿನಲ್ಲಿ ಕೊಳಚೆ ಕಲ್ಲಾಗಿ ಬಂದ ನೆಲಕ್ಕೆ ಮರಳುತ್ತದೆ. ಇವೆರಡೂ ಒಂದೇ ಜಾತಿಯ ಉಪಾಯಗಳೆ? ಈ ಎರಡನ್ನು ಲೇಖಕಿ ಪಕ್ಕಪಕ್ಕದಲ್ಲಿಟ್ಟು ತೂಗುವುದಿಲ್ಲ. ಇಂಗಾಲ ತೆಗೆಯುವ ಅಧ್ಯಾಯದ ಬೆನ್ನಿಗೇ, ಪುಸ್ತಕಕ್ಕೆ ಹೆಸರು ಕೊಟ್ಟ ಇನ್ನೊಂದು ಯೋಜನೆ ಬರುತ್ತದೆ: ವಾಯುಮಂಡಲದ ಎತ್ತರದಲ್ಲಿ ಕಣಗಳನ್ನು ಎರಚಿ ಬಿಸಿಲನ್ನು ಹಿಂದಕ್ಕೆ ಕಳಿಸುವುದು. ಆಗ ಆಕಾಶ ಬೆಳ್ಳಗಾಗುತ್ತದೆ. ಎರಚಲು ಸೂಚಿಸಿರುವ ವಸ್ತುಗಳಲ್ಲಿ ಸುಣ್ಣಕಲ್ಲಿನ ಪುಡಿಯೂ ಒಂದು. ಐಸ್‌ಲೆಂಡಿನಲ್ಲಿ ನೆಲದೊಳಗೆ ಉಂಟಾಗುವುದೂ ಅದೇ ಪದಾರ್ಥ! ಒಂದೇ ಸುಣ್ಣ, ಒಂದು ಕಡೆ ರೋಗದ ಮೂಲ ಹೂತಿದೆ, ಇನ್ನೊಂದು ಕಡೆ ರೋಗಿಯ ಮುಖಕ್ಕೆ ಬಳಿದಿದೆ. ಎರಚುವುದನ್ನು ನಿಲ್ಲಿಸಿದರೆ ತಡೆದಿಟ್ಟ ಕಾವು ಮತ್ತೆ ಮೇಲೇರುತ್ತದೆ; ಕಲ್ಲಾದದ್ದು ಎದ್ದು ಬರುವುದಿಲ್ಲ. ಜೀರ್ಣೋದ್ಧಾರವೆಂದು ಹೊರಟು ಶಾಸನದ ಮೇಲೂ ಶಿಲ್ಪದ ಮೇಲೂ ಸುಣ್ಣ ಬಳಿದ ಗುಡಿಗಳನ್ನು ಕಂಡ ನಮ್ಮವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಡಂಬನೆಯ ತಕ್ಕಡಿಗೆ ಮಾತ್ರ ಎರಡೂ ಒಂದೇ ತೂಕ.

ಆದರೆ ಲೇಖಕಿಯ ಸಂದೇಹಕ್ಕೆ ಆಧಾರವಿಲ್ಲವೆಂದಲ್ಲ. ಕ್ಲೈಮ್‌ವರ್ಕ್ಸ್ 2024ರಲ್ಲಿ ತೆರೆದ ಹೊಸ ಸ್ಥಾವರ ಪೂರ್ಣ ಶಕ್ತಿಯಿಂದ ದುಡಿದರೆ ವರ್ಷಕ್ಕೆ 36,000 ಟನ್ನು ಹಿಡಿಯಬೇಕು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟು ಪ್ರಪಂಚ ವರ್ಷಕ್ಕೆ ಸುಮಾರು 3,700 ಕೋಟಿ ಟನ್ನು ಬಿಡುತ್ತಿದೆ. ಅಂದರೆ ಸ್ಥಾವರದ ವರ್ಷದ ದುಡಿಮೆ ಪ್ರಪಂಚದ ಅರ್ಧ ನಿಮಿಷದ ಹೊಗೆ. ಈಗ ಅಮೆರಿಕದಲ್ಲಿ ಕೆಲವರು, 2050ರೊಳಗೆ 420ನ್ನು 300ಕ್ಕೆ ಇಳಿಸಿ ಹವೆಯನ್ನು ಮೊದಲಿನಂತೆ ಮಾಡೋಣವೆನ್ನುತ್ತಾರೆ. ಅದಕ್ಕೆ ತೆಗೆಯಬೇಕಾದದ್ದು ಲಕ್ಷ ಕೋಟಿ ಟನ್ನಿನ ಆಸುಪಾಸು. ಗಾಳಿಯಿಂದ ತೆಗೆದ ಹಾಗೆಲ್ಲ ಕಡಲು ತಾನು ನುಂಗಿದ್ದರಲ್ಲಿ ಒಂದು ಪಾಲನ್ನು ಹೊರಗೆ ಬಿಡುವುದರಿಂದ ಲೆಕ್ಕ ಇನ್ನೂ ಬೆಳೆಯುತ್ತದೆ. ಭೂಮಿಯ ಕಾವನ್ನು ಎರಡು ಡಿಗ್ರಿಯೊಳಗೆ ನಿಲ್ಲಿಸುವ ಪಂಡಿತರ ಲೆಕ್ಕಗಳಲ್ಲಿ ಬಹುಪಾಲು, ಇನ್ನೂ ಹುಟ್ಟದ ಯಂತ್ರಗಳ ದುಡಿಮೆಯನ್ನು ಜಮಾ ಹಿಡಿದಿವೆ ಎಂಬುದನ್ನು ಶ್ರೀಮತಿ ಕೋಲ್ಬರ್ಟ್ ಎತ್ತಿ ತೋರಿಸಿರುವುದು ಉಪಕಾರವೇ ಸರಿ. ಮೊಮ್ಮಗನ ಸಂಬಳವನ್ನು ನೆಚ್ಚಿ ತಾತ ಸಾಲ ಮಾಡಿದ ಹಾಗೆ. ಹೊಗೆ ಬಿಡುವವನಿಗೆ ಈ ಜಮಾ ಒಳ್ಳೆಯ ನೆಪವೂ ಆಗುತ್ತದೆ. ಇಷ್ಟಾದರೂ, ಹೊಗೆಯನ್ನು ಎಷ್ಟು ತಗ್ಗಿಸಿದರೂ ಉಳಿಯುವ ಪಾಲಿಗಾಗಿ ತೆಗೆಯುವ ಕೆಲಸ ಅನಿವಾರ್ಯವೆಂದು ವಿಶ್ವಸಂಸ್ಥೆಯ ಹವಾಮಾನ ಮಂಡಲಿ 2022ರಲ್ಲಿ ಹೇಳಿತು. ಅನಿವಾರ್ಯವಾದದ್ದನ್ನು ನಕ್ಕು ಬಿಟ್ಟರೆ ಸಾಲದು. ಅದನ್ನು ಯಾರು, ಯಾರ ಖರ್ಚಿನಲ್ಲಿ, ಯಾವ ನಿಯಮಕ್ಕೆ ಒಳಪಟ್ಟು ಮಾಡಬೇಕೆಂದು ಕೇಳಬೇಕು. ಆ ಪ್ರಶ್ನೆಯ ಹೊಸಿಲಿನವರೆಗೆ ಬಂದ ಲೇಖನಿ ಒಳಗೆ ಕಾಲಿಡುವುದಿಲ್ಲ.

ಪುಸ್ತಕ ಬಂದ ಮೇಲೆ ಕೆಲಸ ನಮ್ಮ ನೆಲಕ್ಕೂ ಇಳಿದಿದೆ. ಕಪ್ಪುಕಲ್ಲಿನ ಪುಡಿಯನ್ನು ಭಾರತದ ಸಣ್ಣ ರೈತರ ಗದ್ದೆಗಳಲ್ಲಿ ಹರಡಿ, ಮಳೆಯ ನೀರಿನೊಡನೆ ಬರುವ ಇಂಗಾಲಾಮ್ಲವನ್ನು ಕಟ್ಟುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಹುಮಾನ ದೊರೆಯಿತು. ವಿಜಾಪುರದ ಎರೆಭೂಮಿಯೂ ಇದೇ ಬಗೆಯ ಕಲ್ಲು ಸವೆದು ಆದದ್ದು. ಯಂತ್ರವಿಲ್ಲದೆ, ಚಂದಾ ಇಲ್ಲದೆ, ಅದು ಇದೇ ಕೆಲಸವನ್ನು ಯುಗಯುಗಗಳಿಂದ ಮಾಡುತ್ತ ಬಂದಿದೆ. ರೈತನಿಗೆ ಪುಡಿ ಪುಕ್ಕಟೆ. ಕಟ್ಟಿದ ಇಂಗಾಲದ ಪ್ರಮಾಣಪತ್ರ ಕಂಪೆನಿಗಳಿಗೆ ಮಾರಾಟ. ಐಸ್‌ಲೆಂಡಿನಲ್ಲಿ ತಮ್ಮ ವಿಮಾನದ ಲೆಕ್ಕವನ್ನು ಮರೆಯದ ಲೇಖಕಿ ಈ ಗದ್ದೆಯ ಬದುವಿನ ಮೇಲೆ ನಿಂತಿದ್ದರೆ, ಆ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ಎರಡು ಬದಿಯನ್ನೂ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ.