ಜೆ2 ಹುಟ್ಟಿದ ವರ್ಷ

2017ರ ಜನವರಿಯ ಮೊದಲ ದಿನಗಳಲ್ಲಿ ಒಂದು ಓರ್ಕಾ ತಿಮಿಂಗಿಲದ ಸಾವು ದೇಶದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೂ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೂ ನಡುವಿನ ಕಡಲಲ್ಲಿ ಸಾಲ್ಮನ್ ಮೀನು ತಿಂದು ಬದುಕುವ ಓರ್ಕಾಗಳಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ದಾಖಲೆಯಲ್ಲಿ ಜೆ2, ಜನರ ಬಾಯಲ್ಲಿ ಗ್ರಾನಿ. ಹಿಂದಿನ ಅಕ್ಟೋಬರಿನ ನಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುದ್ದಿಯ ಜೊತೆಗೆ ಅಚ್ಚಾದ ವಯಸ್ಸು 105, ಹುಟ್ಟಿದ್ದು 1911.

ಈ 1911 ಎಲ್ಲಿಂದ ಬಂತು? 1970ರ ದಶಕದ ಆರಂಭದಲ್ಲಿ ಅವಳನ್ನು ಮೊದಲು ಗುರುತಿಸಿದಾಗ ಜೊತೆಯಲ್ಲಿ ಜೆ1 ಎಂಬ ಗಂಡು ಇರುತ್ತಿತ್ತು. ಪೂರ್ತಿ ಬೆಳೆದ ಗಂಡು, ಹಾಗಾಗಿ ಇಪ್ಪತ್ತಕ್ಕೆ ಕಡಿಮೆಯಿಲ್ಲ, ಹುಟ್ಟಿದ್ದು 1951ರ ಆಸುಪಾಸು. ಅವಳನ್ನು ಬಿಟ್ಟಿರದ ಕಾರಣ ಅವಳ ಮಗನೇ ಇರಬೇಕು. ಆಮೇಲೆ ಅವಳು ಮರಿ ಹಾಕಿದ್ದನ್ನು ಯಾರೂ ಕಾಣದ ಕಾರಣ ಅದೇ ಕೊನೆಯ ಮರಿ ಇರಬೇಕು. ಓರ್ಕಾ ಹೆಣ್ಣುಗಳು ನಲವತ್ತರ ಸುಮಾರಿಗೆ ಹೆರುವುದನ್ನು ನಿಲ್ಲಿಸುತ್ತವೆ. 1951ರಿಂದ ನಲವತ್ತು ಕಳೆದರೆ 1911. ಊಹೆಯ ಮೇಲೆ ಊಹೆ ಕೂತು ಕೊನೆಗೆ ಒಂದು ಖಚಿತ ಇಸವಿಯಾಯಿತು. ಮುಂದೆ ವಂಶವಾಹಿ ಪರೀಕ್ಷೆ ಜೆ1 ಅವಳ ಮಗನಲ್ಲ ಎಂದು ತೋರಿಸಿತು. ಅವಳ ಮೈಯಿಂದ ತೆಗೆದ ಕೊಬ್ಬಿನ ಚೂರಿನ ವಿಶ್ಲೇಷಣೆ ಅವಳನ್ನು 65ರಿಂದ 80ರ ನಡುವೆ ಇಟ್ಟಿತು. ಆದರೂ 105 ಅಳಿಯಲಿಲ್ಲ.

ಇಪ್ಪತ್ತೈದು ನಲವತ್ತು ವರ್ಷ ಹೆಚ್ಚುಕಡಿಮೆಯಾದರೆ ಏನು ಕೆಟ್ಟಿತು ಎಂದು ಕೇಳಬಹುದು. ನನ್ನ ತಕರಾರು ಲೆಕ್ಕದ ದಾರಿಯ ಬಗ್ಗೆ. ನಲವತ್ತಕ್ಕೆ ಹೆರಿಗೆ ನಿಲ್ಲುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅವಳ ವಯಸ್ಸನ್ನು ಕಟ್ಟಿದರು. ಆಮೇಲೆ ಅದೇ ವಯಸ್ಸನ್ನು ಮುಂದಿಟ್ಟು, ಹೆರಿಗೆ ನಿಂತ ಮೇಲೂ ಓರ್ಕಾಗಳು ಅರವತ್ತು ವರ್ಷ ಬದುಕುತ್ತವೆ ನೋಡಿ ಎಂದು ಜನಪ್ರಿಯ ಬರಹಗಳು ಬೆರಗುಪಟ್ಟವು. ಒಪ್ಪಿಕೊಂಡದ್ದೇ ಪುರಾವೆಯಾಗಿ ಮರಳಿ ಬಂತು. ಕಾಡುಕಡಲಿನ ಪ್ರಾಣಿಗಳ ವಯಸ್ಸಿನ ವಿಷಯದಲ್ಲಿ ಈ ಸುಳಿಗೆ ಸಿಕ್ಕದೆ ಉಳಿಯುವುದು ಬಹಳ ಕಷ್ಟ.

ಹಾಗೆಂದು ಆ ಕಡಲಲ್ಲಿ ನಡೆದ ಕೆಲಸ ಸಣ್ಣದಲ್ಲ. ಕೆನಡಾದ ನನೈಮೊದಲ್ಲಿದ್ದ ಮೈಕಲ್ ಬಿಗ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕಂಡುಕೊಂಡದ್ದು ಇದು: ಪ್ರತಿ ಓರ್ಕಾದ ಬೆನ್ನಿನ ಈಜುರೆಕ್ಕೆಯ ಅಂಚಿನ ಕಚ್ಚುಗಳು, ಅದರ ಹಿಂದಿನ ಬೂದು ಮಚ್ಚೆಯ ಆಕಾರ, ಗೀರು ಎಲ್ಲವೂ ಬೇರೆ ಬೇರೆ. ಒಳ್ಳೆಯ ಫೋಟೊ ಒಂದಿದ್ದರೆ ಇಂಥದೇ ತಿಮಿಂಗಿಲ ಎಂದು ಹೇಳಬಹುದು. 1976ರಿಂದ ಅಮೆರಿಕದ ಕಡೆ ಕೆನ್ ಬಾಲ್ಕಂ ಇದೇ ದಾರಿಯಲ್ಲಿ ವರ್ಷವರ್ಷದ ಗಣತಿ ಶುರುಮಾಡಿ, 2022ರಲ್ಲಿ ತೀರಿಕೊಳ್ಳುವವರೆಗೆ ಅದಕ್ಕೇ ಅಂಟಿಕೊಂಡರು. ಯಾರ ಮರಿ ಯಾವ ವರ್ಷ ಹುಟ್ಟಿತು, ಯಾರು ಯಾವ ವರ್ಷದಿಂದ ಕಾಣೆ ಎಂಬ ಪಟ್ಟಿ ಹೀಗೆ ಬೆಳೆಯಿತು. 1990ರ ಹೊತ್ತಿಗೆ ಬಿಗ್ ಮತ್ತು ಸಹೋದ್ಯೋಗಿಗಳು ಒಂದು ಜೀವನಚಿತ್ರವನ್ನೇ ಕೊಟ್ಟರು: ಹೆಣ್ಣು ಹದಿನೈದರ ಸುಮಾರಿಗೆ ಚೊಚ್ಚಲು ಹೆರುತ್ತದೆ, ಇಪ್ಪತ್ತೈದು ವರ್ಷಗಳಲ್ಲಿ ಉಳಿದು ಬೆಳೆಯುವ ಐದು ಮರಿ ಕೊಡುತ್ತದೆ, ಸರಾಸರಿ ಐವತ್ತು ವರ್ಷ ಬದುಕುತ್ತದೆ, ಗಂಡಿಗೆ ಸರಾಸರಿ ಮೂವತ್ತು. ಇದಕ್ಕಾಗಿ ಒಂದೇ ಒಂದು ಪ್ರಾಣಿಯನ್ನೂ ಕೊಲ್ಲಲಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿಯವರೆಗೆ ವಯಸ್ಸಿನ ಜ್ಞಾನವೆಲ್ಲ ಬಹುಪಾಲು ಹೆಣಗಳಿಂದಲೇ ಬಂದಿತ್ತು.

ಹೆಣದಲ್ಲಿ ನೋಡುವುದು ಹಲ್ಲನ್ನು. ಹಲ್ಲನ್ನು ಉದ್ದಕ್ಕೆ ಸೀಳಿ, ತೆಳ್ಳಗೆ ಉಜ್ಜಿ, ಬೆಳಕಿಗೆ ಹಿಡಿದರೆ ಮರದ ಕಾಂಡದ ಉಂಗುರಗಳಂತೆ ಪದರಗಳು ಕಾಣುತ್ತವೆ. 1950ರಲ್ಲಿ ವಿಕ್ಟರ್ ಶೆಫರ್ ತುಪ್ಪಳದ ಸೀಲ್‌ಗಳಲ್ಲಿ, 1952ರಲ್ಲಿ ರಿಚರ್ಡ್ ಲಾಸ್ ಆನೆ ಸೀಲ್‌ಗಳಲ್ಲಿ ಇದನ್ನು ತೋರಿಸಿದರು. ಹಲ್ಲಿಲ್ಲದ ದೊಡ್ಡ ತಿಮಿಂಗಿಲಗಳಲ್ಲಿ ಕಿವಿಯ ಗುಗ್ಗೆಯೇ ಗಟ್ಟಿಯಾಗಿ ಪದರ ಕಟ್ಟುತ್ತದೆ ಎಂದು 1955ರಲ್ಲಿ ಪರ್ವೆಸ್ ಕಂಡರು. ಪದರ ಎಣಿಸುವುದು ಸುಲಭ. ಒಂದು ವರ್ಷಕ್ಕೆ ಎಷ್ಟು ಪದರ ಎಂಬುದೇ ಪ್ರಶ್ನೆ. ಆರ್ಕ್ಟಿಕ್ಕಿನ ಬಿಳಿ ಬೆಲುಗಾ ವರ್ಷಕ್ಕೆ ಎರಡು ಪದರ ಕಟ್ಟುತ್ತದೆಂದು ದಶಕಗಳ ಕಾಲ ನಂಬಿದ್ದರು. ಅದನ್ನು ಬಗೆಹರಿಸಿದ್ದು ಅಣುಬಾಂಬು. 1950-60ರ ದಶಕಗಳ ಪರೀಕ್ಷಾಸ್ಫೋಟಗಳಿಂದ ಗಾಳಿಗೆ, ಕಡಲಿಗೆ ಸೇರಿದ ವಿಕಿರಣಶೀಲ ಇಂಗಾಲ ಆ ವರ್ಷ ಕಟ್ಟಿದ ಪದರದಲ್ಲೇ ಉಳಿದಿತ್ತು. 2006ರಲ್ಲಿ ಅದನ್ನು ಅಳೆದಾಗ ವರ್ಷಕ್ಕೆ ಒಂದೇ ಪದರ ಎಂದು ಖಾತ್ರಿಯಾಯಿತು. ಒಂದೇ ಏಟಿಗೆ ಎಲ್ಲ ಬೆಲುಗಾಗಳ ವಯಸ್ಸು ಇಮ್ಮಡಿಯಾಯಿತು. ಐದಕ್ಕೆ ಬೆದೆಗೆ ಬರುತ್ತದೆಂದುಕೊಂಡಿದ್ದ ಪ್ರಾಣಿ ಹತ್ತಕ್ಕೆ ಬರುತ್ತಿತ್ತು. ಎಷ್ಟು ಬೇಗ ಅದರ ಸಂಖ್ಯೆ ತುಂಬಿಕೊಳ್ಳುತ್ತದೆ ಎಂದು ಹಳೆಯ ಲೆಕ್ಕ ಹೇಳುತ್ತಿತ್ತೋ ಅದೆಲ್ಲ ಅತಿಯಾಗಿತ್ತು.

ಫಿನ್ ತಿಮಿಂಗಿಲದ ಕಥೆ ಇನ್ನೂ ಜಟಿಲ. ಗುಗ್ಗೆಯ ಪದರಗಳು ಒಂದು ಹಂತದಲ್ಲಿ ಒತ್ತೊತ್ತಾಗುತ್ತವೆ, ಅದು ಪ್ರಾಯಕ್ಕೆ ಬಂದ ಗುರುತು ಎಂದು 1972ರಲ್ಲಿ ಕ್ರಿಸ್ಟಿನಾ ಲಾಕ್ಯರ್ ತೋರಿಸಿದರು. ಹತ್ತರ ಸುಮಾರಿಗೆ ಪ್ರಾಯಕ್ಕೆ ಬರುತ್ತಿದ್ದ ಅಂಟಾರ್ಕ್ಟಿಕದ ಫಿನ್‌ಗಳು, ಬೇಟೆ ಹೆಚ್ಚಾದಂತೆ ಆರರ ಹತ್ತಿರಕ್ಕೇ ಬರತೊಡಗಿದವು ಎಂಬುದು ಅದರ ಫಲಿತ. ಉಳಿದವುಗಳಿಗೆ ಆಹಾರ ಹೆಚ್ಚು ಸಿಕ್ಕಿತು ಎಂಬ ವಿವರಣೆ ಒಪ್ಪುವಂತಿದೆ. ಆದರೆ ಇತ್ತೀಚೆಗೆ ಹುಟ್ಟಿದವುಗಳಲ್ಲಿ ಬೇಗ ಬಲಿತವು ಮಾತ್ರ ಲೆಕ್ಕಕ್ಕೆ ಸಿಗುತ್ತವೆ, ತಡವಾಗಿ ಬಲಿಯುವವು ಗುರುತು ಮೂಡುವ ಮೊದಲೇ ಬೇಟೆಗೆ ಸಿಕ್ಕಿರುತ್ತವೆ. ಹಾಗಾಗಿ ಆ ಇಳಿಕೆಯ ಒಂದಷ್ಟು ಭಾಗ ಲೆಕ್ಕದ ದೋಷವೇ ಇರಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ.

ಹಲ್ಲು, ಅಂಡಾಶಯ ಎರಡನ್ನೂ ಇಟ್ಟುಕೊಂಡು ನಡೆದ ಕೆಲಸಗಳಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸಿದ್ದು 1984ರಲ್ಲಿ ಹೆಲೆನ್ ಮಾರ್ಷ್ ಮತ್ತು ತೋಶಿಯೊ ಕಸುಯಾ ಪ್ರಕಟಿಸಿದ್ದು. ಜಪಾನಿನಲ್ಲಿ ಕಡಲಿಂದ ಅಟ್ಟಿಕೊಂಡು ಬಂದು ಕೊಂದ ಪೈಲಟ್ ತಿಮಿಂಗಿಲಗಳ ಅಂಡಾಶಯಗಳಲ್ಲಿ, ಅಂಡ ಬಿಡುಗಡೆಯಾದಾಗಲೆಲ್ಲ ಉಳಿಯುವ ಕಲೆಗಳನ್ನು ಅವರು ಎಣಿಸಿದರು. ನಲವತ್ತು ದಾಟಿದ ಒಂದು ಹೆಣ್ಣಿನಲ್ಲೂ ಹೊಸ ಅಂಡದ ಗುರುತಿರಲಿಲ್ಲ. ಹಲ್ಲಿನ ಲೆಕ್ಕದಲ್ಲಿ ಕೆಲವು ಅರವತ್ತು ದಾಟಿದ್ದವು. ಮುಟ್ಟು ನಿಂತ ಮೇಲಿನ ಬದುಕು ಮನುಷ್ಯರಿಗಷ್ಟೇ ಮೀಸಲಲ್ಲ ಎಂಬುದಕ್ಕೆ ಕಣ್ಣಿಗೆ ಕಾಣುವ ಪುರಾವೆ ಇದು. ಆ ಮುದುಕಿಯರು ಯಾರ ಜೊತೆ ಈಜುತ್ತಿದ್ದರು, ಯಾರಿಗೆ ತಿನ್ನಿಸುತ್ತಿದ್ದರು ಎಂಬುದನ್ನು ಮಾತ್ರ ಹೆಣ ಹೇಳಲಾರದು.

ಅದನ್ನು ಹೇಳುವ ಶಕ್ತಿ ಇರುವುದು ಫೋಟೊ ಗಣತಿಗೆ. ಮೂವತ್ತು ದಾಟಿದ ಗಂಡು ಓರ್ಕಾ ತಾಯಿ ಸತ್ತ ವರ್ಷದೊಳಗೆ ಸಾಯುವ ಸಂಭವ ಹದಿನಾಲ್ಕು ಪಟ್ಟು ಏರುತ್ತದೆಂದು 2012ರಲ್ಲಿ ತಿಳಿಯಿತು. ಸಾಲ್ಮನ್ ಕಡಿಮೆಯಿದ್ದ ವರ್ಷಗಳಲ್ಲಿ ಗುಂಪಿನ ಮುಂದೆ ಹೆಚ್ಚಾಗಿ ಈಜುವವರು ಹೆರಿಗೆ ನಿಂತ ಹೆಣ್ಣುಗಳೆಂದು 2015ರಲ್ಲಿ ತಿಳಿಯಿತು. ತಾಯಿ ಹಿಡಿದ ಮೀನನ್ನು ಕಚ್ಚಿ ಎರಡು ತುಂಡು ಮಾಡಿ, ತನಗಿಂತ ದೊಡ್ಡದಾಗಿ ಬೆಳೆದ ಮಗನಿಗೆ ಅರ್ಧ ಬಿಡುತ್ತಾಳೆ. ಬೆಳೆದ ಮಗನಿಗೂ ಹೀಗೆ ತಿನ್ನಿಸುವ ತಾಯಿ ಮತ್ತೊಂದು ಮರಿ ಹೆರುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2023ರ ಅಧ್ಯಯನ ಹೇಳಿತು. ಓದುಗರಿಗೆ ತಲುಪಿದ್ದು ಅಕ್ಕರೆಯ ಅಜ್ಜಿಯ ಚಿತ್ರವಷ್ಟೆ. ಅಜ್ಜಿ ನೆರವಾಗುತ್ತಾಳೆ, ಸರಿ, ಹೆರುತ್ತಲೇ ನೆರವಾಗಬಾರದೇಕೆ? ಇದಕ್ಕೆ ಉತ್ತರ ಕೊಟ್ಟದ್ದು ಡ್ಯಾರೆನ್ ಕ್ರಾಫ್ಟ್ ತಂಡದ 2017ರ ಪ್ರಬಂಧ. ತಾಯಿ ಮಗಳು ಒಟ್ಟೊಟ್ಟಿಗೆ ಹೆತ್ತಾಗ ತಾಯಿಯ ಮರಿ ಸಾಯುವ ಸಂಭವ ಮಗಳ ಮರಿಯದರ 1.7 ಪಟ್ಟು. ಗಂಡುಮರಿ ಹೆಣ್ಣುಮರಿ ಎರಡೂ ತಾಯಿಯನ್ನು ಬಿಟ್ಟು ಹೋಗದ ಈ ಕುಟುಂಬಗಳಲ್ಲಿ ವಯಸ್ಸಾದಂತೆ ಹೆಣ್ಣಿನ ಸುತ್ತ ತನ್ನ ರಕ್ತದವರೇ ತುಂಬುತ್ತಾರೆ. ಮೀನಿಗಾಗಿ ಪೈಪೋಟಿ ಮಾಡಿದರೆ ನಷ್ಟ ಅವಳಿಗೇ ಹೆಚ್ಚು. ಅಕ್ಕರೆಯ ಜೊತೆಗಿರುವ ಈ ಜಗಳವನ್ನು ಬಿಟ್ಟು ಕಥೆ ಹೇಳುವುದು ಓರ್ಕಾಗಳಿಗೆ ಮಾಡುವ ಅನ್ಯಾಯ.

ಗಣತಿಗೂ ಮಿತಿಯಿದೆ. ಅದು ಕಾಣುವುದು ಬದುಕಿ ಮೇಲೆ ಬಂದ ಮರಿಯನ್ನು ಮಾತ್ರ. ನೀರಲ್ಲಿ ತೇಲುವ ಓರ್ಕಾ ಮಲವನ್ನು ದೋಣಿಯ ಮೇಲಿನ ತರಬೇತಾದ ನಾಯಿಯ ಮೂಗಿನಿಂದ ಪತ್ತೆಹಚ್ಚಿ, ಅದರ ಹಾರ್ಮೋನು ನೋಡಿದ ಸ್ಯಾಮ್ಯುಯೆಲ್ ವಾಸರ್ ತಂಡ, ಈ ಗುಂಪುಗಳಲ್ಲಿ ಗುರುತಿಸಲಾದ ಗರ್ಭಗಳಲ್ಲಿ ಶೇಕಡಾ 69ರವರೆಗೆ ನಿಲ್ಲಲಿಲ್ಲ ಎಂದು 2017ರಲ್ಲಿ ಬರೆಯಿತು. ಹಾಗಾದರೆ ಮರಿ ಕಾಣಲಿಲ್ಲ ಎಂಬ ನಮೂದಿನ ಹಿಂದೆ ವಯಸ್ಸೂ ಇರಬಹುದು, ಹಸಿವೂ ಇರಬಹುದು. ಒಪ್ಪಿಕೊಂಡ ನಿಯಮ ಕಣ್ಣನ್ನು ಹೇಗೆ ಕಟ್ಟುತ್ತದೆ ಎಂಬುದಕ್ಕೆ 2014ರ ಡಿಸೆಂಬರಿನಲ್ಲಿ ಹುಟ್ಟಿದ ಜೆ50 ಸಾಕ್ಷಿ. ಮರಿ ಜೆ16 ಎಂಬ ಹೆಣ್ಣಿನ ಪಕ್ಕದಲ್ಲಿತ್ತು. ಜೆ16 ನಲವತ್ತು ದಾಟಿದ್ದಳು. ಆದ್ದರಿಂದ ಹೆತ್ತವಳು ಅವಳ ಮಗಳಿರಬೇಕು, ಇವಳು ನೋಡಿಕೊಳ್ಳುವ ಅಜ್ಜಿ ಎಂದು ಮೊದಲು ಅಂದಾಜಿಸಿದರು. ಮುಂದೆ ನೋಡುತ್ತ ಹೋದಾಗ ಜೆ16ಳೇ ತಾಯಿ ಎಂದು ಗೊತ್ತಾಯಿತು. ಹುಟ್ಟಿದ ವರ್ಷ ನಿಜವಾಗಿ ಗೊತ್ತಿರುವ ಹೆಣ್ಣುಗಳು ಐವತ್ತನ್ನು ಮುಟ್ಟುತ್ತಿರುವುದೇ ಈಗೀಗ. ಕಂಡ ವಯಸ್ಸು, ಊಹಿಸಿದ ವಯಸ್ಸು ಎರಡನ್ನೂ ಬೇರೆ ಬೇರೆ ಗುರುತಿನಿಂದ ಅಚ್ಚು ಮಾಡುವುದು ಇಂಥ ಎಲ್ಲ ಬರಹಗಳಲ್ಲೂ ಕಡ್ಡಾಯವಾಗಬೇಕು.

ಫೋಟೊಗಳಿಂದಲೇ ವಯಸ್ಸು ಅಂದಾಜಿಸಿದ ಇನ್ನೊಂದು ಕೆಲಸ 2024ರ ಡಿಸೆಂಬರಿನದು, ಗ್ರೆಗ್ ಬ್ರೀಡ್ ತಂಡದ್ದು. ದಕ್ಷಿಣದ ರೈಟ್ ತಿಮಿಂಗಿಲದ ಹೆಣ್ಣುಗಳ ನಾಲ್ಕು ದಶಕಗಳ ಫೋಟೊ ದಾಖಲೆಯಿಂದ, ಅರ್ಧದಷ್ಟು 73 ವರ್ಷ ದಾಟುತ್ತವೆ, ಹತ್ತರಲ್ಲೊಂದು 130 ದಾಟುತ್ತದೆ ಎಂದು ಅವರು ಲೆಕ್ಕ ಕಟ್ಟಿದರು. ನಲವತ್ತು ವರ್ಷ ನೋಡಿ 130 ಹೇಳುವುದು ದೊಡ್ಡ ಜಿಗಿತ, ಆ ಸಂಖ್ಯೆಯನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಆದರೆ ಅದೇ ವಿಧಾನ ಉತ್ತರ ಅಟ್ಲಾಂಟಿಕ್‌ನ ಸೋದರ ಪ್ರಭೇದದ ಅರ್ಧದಷ್ಟು ಹೆಣ್ಣುಗಳು ದಾಟುವ ವಯಸ್ಸಾಗಿ ಕೊಟ್ಟ ಉತ್ತರ 22 ವರ್ಷ, ಮತ್ತು ಅದು ಕಣ್ಣೆದುರಿನ ದಾಖಲೆಯ ವ್ಯಾಪ್ತಿಯೊಳಗೇ ಇದೆ. ಹಡಗು ಬಡಿದು, ಏಡಿ-ಲಾಬ್ಸ್ಟರ್ ಬೋನುಗಳ ಹಗ್ಗಕ್ಕೆ ಸಿಕ್ಕಿ ಅವು ಸಾಯುತ್ತಿವೆ. ಚೊಚ್ಚಲು ಹೆರಲು ಹತ್ತು ವರ್ಷದ ಹತ್ತಿರ ಕಾಯಬೇಕಾದ, ಮುಂದೆ ಹೆರಿಗೆಯಿಂದ ಹೆರಿಗೆಗೆ ಹಲವು ವರ್ಷ ಅಂತರ ಬಿಡುವ ಪ್ರಾಣಿಗೆ 22 ಎಂದರೆ ಒಂದೆರಡು ಮರಿ, ಅಷ್ಟೇ. ಉಳಿದಿರುವುದು ನಾನೂರಕ್ಕೂ ಕಡಿಮೆ.