ಲೆಸ್ಬೋಸಿನ ಹಕ್ಕಿಗಳು: ಅರಿಸ್ಟಾಟಲನ ಗ್ರಂಥದಲ್ಲಿ ಕಂಡುದೂ ಕೇಳಿದುದೂ

ಏಷ್ಯಾ ಮೈನರಿನ ಕರಾವಳಿಗೆ ಸಮೀಪವಾಗಿ ಗ್ರೀಸ್ ದೇಶಕ್ಕೆ ಸೇರಿದ ಲೆಸ್ಬೋಸ್ ಎಂಬ ದ್ವೀಪವಿದೆ. ವಸಂತಕಾಲದಲ್ಲಿ, ವಿಶೇಷವಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಯೂರೋಪಿನ ಉತ್ತರದೇಶಗಳ ಪಕ್ಷಿವೀಕ್ಷಕರು ದುರ್ಬೀನುಗಳೊಡನೆ ಅಲ್ಲಿಗೆ ಪ್ರವಾಸ ಬರುತ್ತಾರೆ. ಕಲ್ಲೋನಿ ಎಂಬ ಒಳಗಡಲಿನ ದಡದ ಉಪ್ಪಿನ ಆಗರಗಳಲ್ಲಿ ರಾಜಹಂಸಗಳನ್ನೂ ಮೆಟ್ಟುಗಾಲು ಹಕ್ಕಿಗಳನ್ನೂ, ಪೈನ್ ಮರಗಳ ಕಾಡಿನಲ್ಲಿ ಗ್ರೀಸಿನ ಬೇರೆಲ್ಲಿಯೂ ಗೂಡು ಕಟ್ಟದ ಕ್ರೂಪರನ ನಟ್‌ಹ್ಯಾಚ್ ಎಂಬ ಸಣ್ಣ ಹಕ್ಕಿಯನ್ನೂ ನೋಡುವುದು ಅವರ ಉದ್ದೇಶ. ಈ ಒಳಗಡಲಿಗೂ ಒಂದು ಪ್ರಾಚೀನ ಗ್ರಂಥಕ್ಕೂ ನಿಕಟವಾದ ಸಂಬಂಧವುಂಟು. ಅರಿಸ್ಟಾಟಲನು ತನ್ನ ‘ಪ್ರಾಣಿಗಳ ಚರಿತ್ರೆ’ಯಲ್ಲಿ ಪದೇ ಪದೇ ಹೆಸರಿಸುವ ಪಿರ್ರಾದ ಕಡಲು ಇದೇ ಆಗಿದೆ.

ಈ ಗ್ರಂಥವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಮಧ್ಯಯುಗದವರು ಇದರ ಮಾತೆಲ್ಲವನ್ನೂ ಪ್ರಮಾಣವೆಂದು ಶಿರಸಾವಹಿಸಿದರು. ಆಧುನಿಕರಲ್ಲಿ ಹಲವರು ಇದರ ತಪ್ಪುಗಳನ್ನು ಆಯ್ದು ತೋರಿಸಿ ನಗುತ್ತಾರೆ. ಪೂಜೆಯೂ ಪರಿಹಾಸವೂ ವಿಮರ್ಶೆಯಾಗಲಾರವು. ಸರಿಯಾದ ಮಾತೂ ತಪ್ಪಾದ ಮಾತೂ ಒಂದೇ ಲೇಖನಿಯಿಂದ ಹೇಗೆ ಹೊರಟವೆಂಬುದೇ ವಿಚಾರಣೀಯವಾದ ಪ್ರಶ್ನೆ.

ಮೊದಲು ಸ್ಥಳದ ವಿಚಾರ. ಪ್ಲೇಟೋ ಕ್ರಿ. ಪೂ. 347ರಲ್ಲಿ ಕಾಲವಾದ ಮೇಲೆ ಅರಿಸ್ಟಾಟಲನು ಅಥೆನ್ಸನ್ನು ಬಿಟ್ಟು ಆಸ್ಸೋಸಿಗೂ ಅಲ್ಲಿಂದ ಲೆಸ್ಬೋಸಿಗೂ ಹೋದನು. ಸಸ್ಯಶಾಸ್ತ್ರದ ಆದ್ಯಾಚಾರ್ಯನಾದ ಥಿಯೊಫ್ರಾಸ್ಟಸನು ಈ ದ್ವೀಪದ ಎರೆಸೋಸಿನವನು. ಗ್ರಂಥವನ್ನು 1910ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಡಾರ್ಸಿ ಥಾಮ್ಸನ್ನರು, ಅದರಲ್ಲಿ ಬರುವ ಸ್ಥಳನಾಮಗಳನ್ನು ಆಧರಿಸಿ, ಅದರ ಸಾಮಗ್ರಿಯ ಬಹುಭಾಗವು ಈ ಕಾಲದಲ್ಲಿಯೇ ಸಂಗ್ರಹವಾಯಿತೆಂದು ಊಹಿಸಿದರು. 1948ರಲ್ಲಿ ಲೀ ಎಂಬ ವಿದ್ವಾಂಸರು ಈ ವಾದವನ್ನು ಪುಷ್ಟಿಗೊಳಿಸಿದರು. ಆದರೆ ಪಿರ್ರಾದ ಹೆಸರು ಬರುವುದು ಹೆಚ್ಚಾಗಿ ಮೀನು, ಚಿಪ್ಪುಪ್ರಾಣಿ ಮುಂತಾದ ಜಲಚರಗಳ ಪ್ರಸಂಗದಲ್ಲಿ. ಆದುದರಿಂದ ಗ್ರಂಥದ ಹಕ್ಕಿಗಳನ್ನೆಲ್ಲ ಕರ್ತೃವು ಕಲ್ಲೋನಿಯ ದಡದಲ್ಲಿ ನಿಂತು ಕಂಡನೆಂದು ಹೇಳುವುದು ಪ್ರವಾಸಿಗರಿಗೆ ಪ್ರಿಯವಾಗಬಹುದೇ ಹೊರತು ಸಿದ್ಧಾಂತವಾಗಲಾರದು.

ಕರ್ತೃವಿನ ವಿವೇಚನೆ ಉತ್ಕೃಷ್ಟವಾಗಿ ಬೆಳಗುವುದು 6ನೆಯ ಪುಸ್ತಕದ ಕೋಗಿಲೆಯ ಪ್ರಕರಣದಲ್ಲಿ. ಕೋಗಿಲೆ ಕಾಣಿಸಿಕೊಳ್ಳುವ ಕಾಲಕ್ಕೆ ಅದನ್ನು ಹೋಲುವ ಗಿಡುಗವು ಕಾಣದಾಗುವುದರಿಂದ, ಗಿಡುಗವೇ ಕೋಗಿಲೆಯಾಗುತ್ತದೆಂದು ಅಂದಿನ ಜನರು ನಂಬಿದ್ದರು. ಅರಿಸ್ಟಾಟಲನು ಇದನ್ನು ಒಪ್ಪುವುದಿಲ್ಲ. ಕೋಗಿಲೆಗೆ ಗಿಡುಗದಂತೆ ಬಾಗಿದ ಉಗುರುಗಳಿಲ್ಲ. ಮೇಲಾಗಿ ಗಿಡುಗವು ಕೋಗಿಲೆಯನ್ನು ತಿಂದುದನ್ನು ಕಂಡವರಿದ್ದಾರೆ, ಯಾವ ಹಕ್ಕಿಯೂ ಸ್ವಜಾತಿಯನ್ನು ತಿನ್ನುವುದಿಲ್ಲವೆಂಬುದು ಅವನ ವಾದ. ಕೋಗಿಲೆ ಅನ್ಯರ ಗೂಡಿನಲ್ಲಿ ಮೊಟ್ಟೆಯಿಡುವುದನ್ನೂ ಅವನು ಬಲ್ಲನು. ಈ ಸಂಗತಿಯನ್ನು ನಮ್ಮ ದೇಶದವರು ತಮ್ಮ ಕೋಗಿಲೆಯಲ್ಲಿ ಕಂಡು ‘ಪರಭೃತ’ ಎಂಬ ಒಂದು ಶಬ್ದದಲ್ಲಿಯೇ ಅಡಗಿಸಿದರು. ಭಾರತೀಯರಲ್ಲಿ ಅದು ಕವಿಸಮಯವಾಗಿ ಬೆಳೆಯಿತು. ಗ್ರೀಕನಲ್ಲಿ ವಾದಕ್ಕೆ ವಿಷಯವಾಯಿತು. ಕ್ರೌಂಚಗಳು ಹಾರುವಾಗ ಭಾರಕ್ಕಾಗಿ ಕಲ್ಲನ್ನು ಹೊತ್ತಿರುತ್ತವೆಂಬ ಕಥೆಯನ್ನೂ ಅವನು ಸುಳ್ಳೆಂದು ತಳ್ಳಿಹಾಕಿದ್ದಾನೆ.

ಇಂತಹ ವಿವೇಕಿಯು 8ನೆಯ ಪುಸ್ತಕದಲ್ಲಿ, ಹಕ್ಕಿಗಳೆಲ್ಲವೂ ಬೆಚ್ಚಗಿನ ನಾಡಿಗೆ ವಲಸೆ ಹೋಗುವುದಿಲ್ಲ, ಕೆಲವು ಇದ್ದಲ್ಲಿಯೇ ಅಡಗುತ್ತವೆ ಎನ್ನುತ್ತಾನೆ. ಗರಿಯುದುರಿದ ಕವಲುತೋಕೆಗಳು ಬಿಲಗಳಲ್ಲಿ ಅನೇಕ ಸಲ ಸಿಕ್ಕಿವೆಯಂತೆ. ಬೆಳವವು ಅಡಗುವುದಂತೂ ಸರ್ವಸಮ್ಮತವಂತೆ. ಏಕೆಂದರೆ ಚಳಿಗಾಲದಲ್ಲಿ ಅದನ್ನು ಎಲ್ಲಿಯಾದರೂ ಕಂಡೆನೆನ್ನುವವರಿಲ್ಲ. 9ನೆಯ ಪುಸ್ತಕದಲ್ಲಿ ಇನ್ನೂ ಮುಂದುವರಿದು, ಚಳಿಗಾಲದ ರಾಬಿನ್ ಹಕ್ಕಿಯೂ ಬೇಸಗೆಯ ರೆಡ್‌ಸ್ಟಾರ್ಟ್ ಹಕ್ಕಿಯೂ ಒಂದು ಇನ್ನೊಂದಾಗಿ ಮಾರ್ಪಡುತ್ತವೆಂದು ಹೇಳಿದೆ. ಒಂದು ಮರೆಯಾದಾಗ ಮತ್ತೊಂದು ತೋರುವುದರಿಂದ ಎರಡೂ ಒಂದೇ ಎಂಬ ಈ ಊಹೆಯು, ಕೋಗಿಲೆಯ ಪ್ರಕರಣದಲ್ಲಿ ಖಂಡಿಸಿದ ಊಹೆಯೇ ಅಲ್ಲವೆ? 9ನೆಯ ಪುಸ್ತಕವು ಅನ್ಯಕರ್ತೃಕವೆಂಬ ಸಂದೇಹ ಬಹುಕಾಲದಿಂದಲೂ ಇರುವುದರಿಂದ ಈ ವಿರೋಧವನ್ನು ಪರಿಹರಿಸಬಹುದೆಂದು ತೋರಬಹುದು. ಆದರೆ 8ನೆಯ ಪುಸ್ತಕದ ದೋಷವು ಹಾಗೆಯೇ ಉಳಿಯುತ್ತದೆ. ಕಾಣದಿರುವುದನ್ನೇ ಸಾಕ್ಷ್ಯವಾಗಿ ಹಿಡಿದುದು ಎರಡು ಕಡೆಯಲ್ಲಿಯೂ ಸಮಾನ.

ಇದೇ 8ನೆಯ ಪುಸ್ತಕದಲ್ಲಿ ಹೆಜ್ಜಾರ್ಲೆಗಳ ವಲಸೆಯ ವರ್ಣನೆಯಿದೆ. ಅವು ಸ್ಟ್ರೈಮನ್ ನದಿಯಿಂದ ಇಸ್ಟರ್, ಎಂದರೆ ಡ್ಯಾನ್ಯೂಬ್, ನದಿಗೆ ಹೋಗುತ್ತವೆ. ನಡುವಣ ಬೆಟ್ಟವನ್ನು ದಾಟುವಾಗ ಹಿಂದಿನವುಗಳಿಗೆ ಮುಂದಿನವು ಕಾಣದಾಗುವುದರಿಂದ, ಮುಂದಿನವು ಹಿಂದಿನವುಗಳಿಗಾಗಿ ಕಾಯುತ್ತವೆ. ಇಲ್ಲಿ ಎರಡು ನದಿಗಳಿವೆ, ಒಂದು ಬೆಟ್ಟವಿದೆ, ಬೆಟ್ಟದ ಬಳಿ ನಿಂತು ನೋಡಿದವನೊಬ್ಬನ ಕಣ್ಣಿದೆ. ಗರಿಯುದುರಿದ ಕವಲುತೋಕೆಗಳಾದರೋ ಯಾವ ಊರಿನ ಬಿಲದಲ್ಲಿ ಯಾರಿಗೆ ಸಿಕ್ಕಿದವೆಂಬುದು ಹೇಳಿಲ್ಲ. ಗ್ರಂಥದ ಬಲವೂ ದೌರ್ಬಲ್ಯವೂ ಈ ಭೇದದಲ್ಲಿಯೇ ವ್ಯಕ್ತವಾಗುತ್ತವೆ. ಸ್ಥಳವನ್ನು ಹೆಸರಿಸಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲವೆಂಬುದೂ ದಿಟ. ಕ್ರೌಂಚಗಳು ಶಕದೇಶದ ಬಯಲಿನಿಂದ ನೈಲ್ ನದಿ ಹರಿದುಬರುವ ಜವುಗುಗಳಿಗೆ ಹೋಗುತ್ತವೆಂದು ಹೇಳಿದ ಉಸಿರಿನಲ್ಲಿಯೇ, ಅಲ್ಲಿ ಅವು ಕುಬ್ಜರೊಡನೆ ಕಾದುವುದು ಕಟ್ಟುಕಥೆಯಲ್ಲವೆಂದೂ ಅವನು ಸೇರಿಸಿದ್ದಾನೆ. ಆದರೂ ಸ್ಥಳನಿರ್ದೇಶವಿರುವ ಮಾತನ್ನು ಬೇರೊಬ್ಬನು ಹೋಗಿ ಪರೀಕ್ಷಿಸಬಹುದು. ಅದಿಲ್ಲದ ಮಾತನ್ನು ನಂಬಬಹುದು, ಇಲ್ಲವೆ ನಗಬಹುದು, ಅಷ್ಟೆ.

ಹಕ್ಕಿಯ ವಲಸೆಯನ್ನು ಒಂದೇ ದಡದಲ್ಲಿ ನಿಂತವನು ಪೂರ್ತಿಯಾಗಿ ಕಾಣಲಾರನು. ಬರುವುದು ಕಾಣುತ್ತದೆ, ಹೋಗುವುದು ಕಾಣುತ್ತದೆ. ನಡುವಣ ದಾರಿ ಊಹೆಯ ಪಾಲು. ಅದನ್ನು ತುಂಬಿದುದು ಅನೇಕ ಸಾಕ್ಷಿಗಳ ಜೋಡಣೆ. 1822ರಲ್ಲಿ ಜರ್ಮನಿಯ ಕ್ಲ್ಯೂಟ್ಸ್ ಎಂಬಲ್ಲಿ ಕೊರಳಿಗೆ ಆಫ್ರಿಕದ ಈಟಿ ನಾಟಿದ್ದ ಬಿಳಿ ಕೊಕ್ಕರೆಯೊಂದು ಸಿಕ್ಕಿತು. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸೆನ್ನರು ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸುವ ಕ್ರಮವನ್ನು ಆರಂಭಿಸಿದರು. 1911ರಲ್ಲಿ ಇಂಗ್ಲೆಂಡಿನಲ್ಲಿ ಉಂಗುರ ತೊಟ್ಟ ಕವಲುತೋಕೆಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ದೊರೆಯಿತು. ಇನ್ನೊಂದು ಕಡೆ, 1946ರಲ್ಲಿ ಕ್ಯಾಲಿಫೋರ್ನಿಯದ ಬೆಟ್ಟದ ಬಂಡೆಯೊಂದರ ಪೊಳ್ಳಿನಲ್ಲಿ ಪೂರ್‌ವಿಲ್ ಎಂಬ ಹಕ್ಕಿಯು ಚಳಿಗಾಲದ ಜಡನಿದ್ರೆಯಲ್ಲಿರುವುದನ್ನು ಎಡ್ಮಂಡ್ ಯೇಗರ್ ಕಂಡರು. ಹಕ್ಕಿಯು ಅಡಗಿ ನಿದ್ರಿಸುವುದು ಅಸಂಭವವಲ್ಲವೆಂದಾಯಿತು. ಕವಲುತೋಕೆಯ ವಿಷಯದಲ್ಲಿ ಅದು ಸಲ್ಲಲಿಲ್ಲ, ಅಷ್ಟೆ. ಊಹೆಯು ಮೂರ್ಖತನದ್ದಲ್ಲ, ಸಾಕ್ಷ್ಯ ಸಾಲದ್ದು.

ಇಂದು ಕಲ್ಲೋನಿಯ ಆಗರದ ಬಳಿ ನಿಲ್ಲುವ ವೀಕ್ಷಕನ ಕಣ್ಣು ಅರಿಸ್ಟಾಟಲನ ಕಣ್ಣಿಗಿಂತ ತೀಕ್ಷ್ಣವೆನ್ನಲು ಕಾರಣವಿಲ್ಲ. ಅವನ ಹೆಚ್ಚುಗಾರಿಕೆಯು, ಜಾತಿ, ಸಂಖ್ಯೆ, ಸ್ಥಳ, ದಿನಾಂಕಗಳನ್ನು ಬರೆದಿಟ್ಟು ಇತರರ ಟಿಪ್ಪಣಿಗಳೊಡನೆ ಕೂಡಿಸುವುದರಲ್ಲಿದೆ. ಹೆಜ್ಜಾರ್ಲೆಗಳ ಪ್ರಕರಣವು ಇದೇ ಮಾರ್ಗದ ಮೊದಲ ಹೆಜ್ಜೆ. ಬೆಳವದ ಪ್ರಕರಣವು ಅದರಿಂದ ಜಾರಿದ ಹೆಜ್ಜೆ. ಈ ಗ್ರಂಥವನ್ನು ಬೋಧಿಸುವವರು ಪ್ರತಿಯೊಂದು ವಾಕ್ಯದಲ್ಲಿಯೂ ‘ಕಂಡಿದೆ’, ‘ಹೇಳುತ್ತಾರೆ’, ‘ಯಾರೂ ಕಂಡಿಲ್ಲ’ ಎಂಬ ಕ್ರಿಯಾಪದಗಳನ್ನು ಬೇರ್ಪಡಿಸಿ ತೋರಿಸುವುದು ಅವಶ್ಯಕ. ಆಗ ಅರಿಸ್ಟಾಟಲನ ತಪ್ಪುಗಳೂ ವಿದ್ಯಾರ್ಥಿಗೆ ಪಾಠವಾಗುತ್ತವೆ. ಇಲ್ಲವಾದರೆ ಅವನ ಸತ್ಯಗಳೂ ಬರಿಯ ಕಂಠಪಾಠವಾಗುತ್ತವೆ.